ಕೆಳಗೆ ಹೋದ ಗಂಟು

ಭುವನೇಶ್ವರಿಗೆ ಬೂಟಿನ ಲೇಸು ಕಟ್ಟಲು ಬರುವುದಿಲ್ಲ ಎಂದು ಗೊತ್ತಾದಾಗ ಫೇಬಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಿಮಾಲಯದ ತಪ್ಪಲಿನ ಬೇಸ್ ಕ್ಯಾಂಪಿನಲ್ಲಿ ಊರೂರಿನ ಜನ ಸೇರಿದ್ದ ಮೈದಾನ. ಅಲ್ಲಿ ಆ ಹೆಣ್ಣುಮಗಳು ಹೊಸ ಬೂಟಿನ ದಾರವನ್ನು ಬುತ್ತಿಗಂಟು ಬಿಗಿದ ಹಾಗೆ ಬಿಗಿಯುವುದು, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅದು ಬಿಚ್ಚಿಕೊಳ್ಳುವುದು, ಮತ್ತೆ ಬಿಗಿಯುವುದು ನಡೆದಿತ್ತು. ಫೇಬಿ ಧಾರವಾಡದ ಮಿಶನ್ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಎಷ್ಟು ಹುಡುಗಿಯರ ಲೇಸು ಕಟ್ಟಿದ್ದಾಳೋ ಲೆಕ್ಕವಿಲ್ಲ. ಈಗ ಹೇಳಿಕೊಡೋಣ, ಇನ್ನೊಂದು ಸಲ ಬಿಚ್ಚಲಿ, ಆಮೇಲೆ ಹೇಳಿಕೊಡೋಣ ಎಂದು ಕೈಕಟ್ಟಿ ನಿಂತಳು. ಅಷ್ಟರಲ್ಲಿ ಗೀತಾಂಜಲಿ ಹೋಗಿ ನೆಲಕ್ಕೆ ಮೊಣಕಾಲೂರಿ, ಭುವನೇಶ್ವರಿಯ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಎರಡು ಸುತ್ತು ಸುತ್ತಿ, ಗಂಟು ಹಾಕಿ, ತುದಿಯನ್ನು ಒಳಗೆ ಸೇರಿಸಿಬಿಟ್ಟಳು. ಆ ಗಂಟನ್ನು ಗೀತಾಂಜಲಿಗೆ ಕಲಿಸಿದವಳೇ ಫೇಬಿ. ಸಂತೋಷ ಅಲ್ಲಿಗೆ ಮುಗಿಯಿತು.

ಇದು ಎರಡು ಸಾವಿರದ ಮೂರನೆಯ ಇಸವಿಯ ಮೇ ತಿಂಗಳ ಮಾತು. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯ ಮೇಲೆ ದಿನಾ ಬೆಳಿಗ್ಗೆ ತಿರುಗಾಡುವ ಹತ್ತು ಹನ್ನೆರಡು ಜನ ಸೇರಿ ಹಿಮಾಲಯ ಹತ್ತಲು ಹೊರಟಿದ್ದರು. ಬ್ಯಾಂಕಿನಿಂದ ನಿವೃತ್ತರಾದ ರಮಾಕಾಂತರು ಹೆಸರಿಗೆ ಮುಖಂಡರು. ಚೀಲ ಹೊಂದಿಸುವುದು, ಸಾಲು ನಿಲ್ಲಿಸುವುದು, ಯಾರ ಕಾಲಲ್ಲಿ ಗುಳ್ಳೆ ಎದ್ದಿದೆ ನೋಡುವುದು ಎಲ್ಲ ಫೇಬಿಯದೇ. ಹಾಗೆ ನೋಡಿದರೆ ಈ ಬಳಗ ಹುಟ್ಟಿದ್ದೇ ಫೇಬಿಯಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಗೀತಾಂಜಲಿಗಾಗಿ ಫೇಬಿಯಿಂದ.

ಗೀತಾಂಜಲಿ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತ ಸ್ನೇಹಿತೆಯರಾದವರು. ಆರು ವರ್ಷದ ಹಿಂದೆ ಗೀತಾಂಜಲಿಯ ಗಂಡ ಮುತ್ತು ಕುಳಿತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅದಾದ ಮೇಲೆ ಅವಳು ಕಚೇರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಚೇರಿ. ಆಗ ಫೇಬಿ ದಿನಾ ಬೆಳಿಗ್ಗೆ ಅವಳ ಗೇಟಿನ ಮುಂದೆ ನಿಂತು ಶಾಲೆಯ ಸೀಟಿ ಊದತೊಡಗಿದಳು. ಓಣಿಯ ನಾಯಿಗಳೆಲ್ಲ ಬೊಗಳುತ್ತಿದ್ದವು, ಎದುರು ಮನೆಯವರು ಬೈಯುತ್ತಿದ್ದರು, ಸೀಟಿ ಮಾತ್ರ ನಿಲ್ಲುತ್ತಿರಲಿಲ್ಲ. ನಾಚಿಕೆಗೆ ಹೆದರಿ ಗೀತಾಂಜಲಿ ಹೊರಗೆ ಬಂದಳು. ಮೊದಲು ಕೆರೆಯ ಅರ್ಧ ದಂಡೆ, ಆಮೇಲೆ ಪೂರ್ತಿ ದಂಡೆ, ಆಮೇಲೆ ನೃಪತುಂಗ ಬೆಟ್ಟ. ಒಂದು ದಿನ ಬೆಟ್ಟದ ಮೇಲೆ ನಿಂತು ಅವಳೇ ಅಂದಳು, "ಫೇಬಿ, ಒಮ್ಮಿ ಹಿಮಾಲಯಕ್ಕ ಹೋಗೂಣ. ಇಬ್ರೂ ಕೈ ಕೈ ಹಿಡಕೊಂಡು ದಾಟೂಣ." ಆ ಮಾತನ್ನು ಫೇಬಿ ಎದೆಯಲ್ಲಿಟ್ಟುಕೊಂಡಳು. ಒಂದೇ ಬಣ್ಣದ ಕೆಂಪು ಉಣ್ಣೆ ತಂದು ಎರಡು ಮಫ್ಲರ್ ಹೆಣೆದಳು, ಒಂದು ತನಗೆ, ಒಂದು ಅವಳಿಗೆ. ಹಿಮಾಲಯದಲ್ಲಿ ದಾಟುವ ಘಾಟಿಯ ನೆತ್ತಿಯಲ್ಲಿ ಕೊಡಬೇಕು ಅಂತ.

ಭುವನೇಶ್ವರಿ ಬಂದದ್ದು ಹೋದ ವರ್ಷ. ಗಂಡನಿಗೆ ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಗದಗಿನಿಂದ ಉಣಕಲ್ಲಿಗೆ ಬಂದು ಮನೆ ಮಾಡಿದ್ದಳು. ದುಂಡು ಮುಖ, ದೊಡ್ಡ ದನಿ, ಕಂಡವರಿಗೆಲ್ಲ ಅಕ್ಕ, ಅಣ್ಣ, ಕಾಕಾ. ಬಂದ ವಾರದಲ್ಲೇ ಗೀತಾಂಜಲಿ ಅವಳ ಬಾಯಲ್ಲಿ 'ಗೀತಕ್ಕ' ಆಗಿದ್ದಳು. ಕೆರೆಯ ದಂಡೆಯಲ್ಲಿ ಮೂವರು ಅಕ್ಕಪಕ್ಕ ನಡೆಯುವಷ್ಟು ಜಾಗವಿಲ್ಲ. ಇಬ್ಬರು ಮುಂದೆ, ಒಬ್ಬರು ಹಿಂದೆ. ಸ್ವಲ್ಪ ದಿನದಲ್ಲೇ ಹಿಂದೆ ಬೀಳುವವಳು ಯಾರು ಎಂಬುದು ಖಾಯಂ ಆಯಿತು. ಬಳಗ ಕಟ್ಟಿದವಳು ಬಳಗದ ಬಾಲವಾದಳು.

ಫೇಬಿ ಕೆಟ್ಟವಳಲ್ಲ. ಆದರೆ ಅವಳ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ರೈಲಿನಲ್ಲಿ ಭುವನೇಶ್ವರಿ ತನ್ನ ಚೀಲದಿಂದ ಮಂಕಿ ಟೋಪಿ ತೆಗೆದು ಗೀತಾಂಜಲಿಯ ತಲೆಗೆ ಹಾಕಿದಾಗ ಉರಿಯಿತು. ಅವಳು ಅದನ್ನು ಇಡೀ ಪ್ರವಾಸ ತೆಗೆಯಲೇ ಇಲ್ಲ ಎಂಬುದಕ್ಕೆ ಇನ್ನಷ್ಟು ಉರಿಯಿತು. ಎರಡೂ ಮಫ್ಲರ್ ಚೀಲದ ತಳದಲ್ಲೇ ಉಳಿದವು. ಮೂವರ ಟೆಂಟಿನಲ್ಲಿ ಗೀತಾಂಜಲಿ ನಡುವೆ ಮಲಗುತ್ತಿದ್ದಳು, ಅವಳ ಮುಖ ಆ ಕಡೆ, ಬೆನ್ನು ಈ ಕಡೆ. ಭುವನೇಶ್ವರಿ ತಂದಿದ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಪಂಜಾಬಿನವರು, ಬಂಗಾಲದವರು ಕೂಡ ಮುಗಿಬಿದ್ದರು. ರಮಾಕಾಂತರಂತೂ ಅವಳನ್ನು ತಲೆಯ ಮೇಲೆ ಹೊತ್ತುಕೊಂಡು ಕುಣಿಯುವುದೊಂದು ಬಾಕಿ.

"ಟೀಚರ್, ಒಂದ್ ರೊಟ್ಟಿ ತಗೋರಿ," ಎಂದು ಭುವನೇಶ್ವರಿ ದಿನಾ ಕೇಳುವಳು.

"ನನಗ ಹಸಿವಿಲ್ರಿ," ಎಂದು ಫೇಬಿ ದಿನಾ ಹೇಳುವಳು. ಹಸಿವೆಯಲ್ಲಿ ಜೀವ ಹೋಗುತ್ತಿದ್ದರೂ ಕ್ಯಾಂಪಿನ ಅರೆಬೆಂದ ಅನ್ನವನ್ನೇ ನುಂಗುವಳು. ಇಂಥ ಸೇಡಿನಿಂದ ತೊಂದರೆಯಾದದ್ದು ಅವಳ ಹೊಟ್ಟೆಗೆ ಮಾತ್ರ.

ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಗುಸುಗುಸು. ಎರಡನೆಯ ಕ್ಯಾಂಪಿನಲ್ಲಿ ಫೇಬಿ ಹಳ್ಳದ ದಂಡೆಗೆ ತಟ್ಟೆ ತೊಳೆಯಲು ಹೋದಾಗ ಅವರಿಬ್ಬರೂ ತಲೆಗೆ ತಲೆ ಹಚ್ಚಿ ಕೂತಿದ್ದರು. ಭುವನೇಶ್ವರಿಯ ತೊಡೆಯ ಮೇಲೆ ಒಂದು ಗಂಟು ಬಿಚ್ಚಿತ್ತು. ಗೀತಾಂಜಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಗುತ್ತಲೂ ಇದ್ದಳು. ಫೇಬಿಯ ಬೂಟಿನ ಸಪ್ಪಳ ಕೇಳಿದ್ದೇ ಗಂಟು ಮುಚ್ಚಿತು, ಮಾತೂ ನಿಂತಿತು.

"ಏನ್ ನಡದೈತಿ ನಿಮ್ಮಿಬ್ರದು?" ಫೇಬಿ ಹಗುರಾಗಿ ಕೇಳಿದಳು. ಹಗುರಾಗಿ ಎಂದು ಅವಳು ಅಂದುಕೊಂಡಿದ್ದಳು.

"ಏನಿಲ್ಲ ಬಿಡ," ಎಂದಳು ಗೀತಾಂಜಲಿ.

ಏನಿಲ್ಲ ಬಿಡ. ಎರಡು ಪದ. ಆರು ವರ್ಷದಲ್ಲಿ ಗೀತಾಂಜಲಿ ಫೇಬಿಗೆ ಆ ಮಾತು ಅಂದಿರಲಿಲ್ಲ. ನೆಗಡಿ ಬಂದರೂ, ಮೇಲಧಿಕಾರಿ ಬೈದರೂ, ಮುತ್ತು ಕನಸಿನಲ್ಲಿ ಬಂದರೂ ಬಸ್ಸಿನ ಸೀಟಿನಲ್ಲಿ ಎಲ್ಲವನ್ನೂ ಹೇಳಿಕೊಂಡವಳು. ಫೇಬಿ ತಟ್ಟೆಯನ್ನು ಮರಳು ಹಾಕಿ ಉಜ್ಜಿದ್ದೇ ಉಜ್ಜಿದ್ದು.

ಗಂಟಿನಲ್ಲಿ ಏನಿದೆ ಎಂದು ಅವಳು ಅಷ್ಟರಲ್ಲೇ ನೋಡಿಬಿಟ್ಟಿದ್ದಳು. ರವಿಕೆಯ ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು. ಉಡಿ, ಎಂದರೆ ಮಡಿಲು, ತುಂಬುವ ಸಾಮಾನು. ಘಾಟಿಯ ನೆತ್ತಿಯಲ್ಲಿ ಕಲ್ಲು ಒಟ್ಟಿದ ಒಂದು ದೇವಿಯ ಗುಡಿ ಇದೆ ಎಂದು ಗೈಡ್ ಹೇಳಿದ್ದ. ಓಹೋ, ಇಬ್ಬರೂ ಸೇರಿ ಆ ದೇವಿಗೆ ಉಡಿ ತುಂಬುತ್ತಾರೆ, ನನ್ನನ್ನು ಬಿಟ್ಟು ತುಂಬುತ್ತಾರೆ ಎಂದು ಫೇಬಿ ತಿಳಿದುಕೊಂಡಳು. ಅವಳಿಗೆ ಉಡಿಯ ವಿಷಯ ಹೊಸದಲ್ಲ. ಹಿಂದೂ ಗೆಳತಿಯರ ಮನೆಯ ಮದುವೆಗೆ, ಪೂಜೆಗೆ ಹೋದರೆ ಉಡಿ ತುಂಬುವ ಹೊತ್ತಿಗೆ ಯಾರಾದರೂ ಬಂದು, "ಟೀಚರ್, ನೀವು ಹೊರಗ ಗಾಳಿಗೆ ಕೂಡ್ರಿ," ಎಂದು ಪಡಸಾಲೆಯಲ್ಲಿ ಕುರ್ಚಿ ಹಾಕಿ, ತಟ್ಟೆ ತುಂಬ ಫಳಾರ ಕೊಡುವರು. ಅವಮಾನವೇನಿಲ್ಲ, ಮರ್ಯಾದೆಯೇ. ಈಚಿನ ವರ್ಷಗಳಲ್ಲಿ ಗೀತಾಂಜಲಿಯೂ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ತನಗೆ ಜೊತೆಯಾಗಲಿ ಎಂದು ಬರುತ್ತಾಳೆ ಎಂದು ಫೇಬಿ ಒಳಗೊಳಗೇ ಹಿಗ್ಗುತ್ತಿದ್ದಳು. ಈಗ ನೋಡಿದರೆ ಅವಳು ಆ ಕುರ್ಚಿ ಬಿಟ್ಟು ಎದ್ದು ಒಳಗೆ ಹೋದಂತಾಯಿತು.

ಕೊನೆಯ ಕ್ಯಾಂಪಿನಲ್ಲಿ ಕ್ಯಾಂಪ್ ಲೀಡರ್ ಎಲ್ಲರನ್ನೂ ಸೇರಿಸಿ ಹೇಳಿದ. ನಾಳೆ ಘಾಟಿ ದಾಟುವುದು, ಹಿಮದ ಏರು, ಬೇಡದ ಭಾರವೆಲ್ಲ ಇಲ್ಲೇ ಕೊಡಿ, ಹೇಸರಗತ್ತೆಯ ಮೇಲೆ ಬೇಸ್ ಕ್ಯಾಂಪಿಗೆ ಹೋಗುತ್ತದೆ, ಆ ಕಡೆಯಿಂದ ಇಳಿದು ಬಂದ ಮೇಲೆ ತಗೊಳ್ಳಿ. ರಮಾಕಾಂತರು ತಮ್ಮ ಬಳಗದ ದೊಡ್ಡ ಗೋಣಿಚೀಲವನ್ನು ಫೇಬಿಯ ಮುಂದೆ ತಂದಿಟ್ಟರು. "ಟೀಚರ್, ನೀವ ನೋಡ್ರಿ. ನಿಮ್ಮ ಮಾತು ಎಲ್ಲಾರೂ ಕೇಳತಾರ."

ಗೀತಾಂಜಲಿ, ಭುವನೇಶ್ವರಿ ನೀರು ತರಲು ಹೋಗಿದ್ದರು. ಫೇಬಿ ಒಬ್ಬೊಬ್ಬರ ಚೀಲ ನೋಡುತ್ತ ಹೋದಳು. ರಮಾಕಾಂತರ ದಪ್ಪ ಪುಸ್ತಕ ಹೋಯಿತು, ಇನ್ನೊಬ್ಬರ ಇಸ್ತ್ರಿ ಮಾಡಿದ ಪ್ಯಾಂಟು ಹೋಯಿತು. ಭುವನೇಶ್ವರಿಯ ಚೀಲಕ್ಕೆ ಕೈಹಾಕಿದಾಗ ರೊಟ್ಟಿಯ ಕೆಳಗೆ ಗಂಟು ಸಿಕ್ಕಿತು. ಅಕ್ಕಿ ಭಾರ, ಕೊಬ್ಬರಿ ಭಾರ, ಹಿಮದಲ್ಲಿ ಇವೆಲ್ಲ ಯಾಕೆ ಬೇಕು, ನಿಯಮ ಎಂದರೆ ಎಲ್ಲರಿಗೂ ನಿಯಮ. ಹೀಗೆ ನಾಲ್ಕು ಕಾರಣ ಕೊಟ್ಟುಕೊಂಡಳು. ಒಂದೇ ನಿಜವಾದ ಕಾರಣವಿದ್ದರೆ ನಾಲ್ಕು ಬೇಕಾಗುತ್ತಿರಲಿಲ್ಲ. ಹಿಂದೆ ಮುಂದೆ ನೋಡಿ ಗಂಟನ್ನು ಗೋಣಿಚೀಲದ ಆಳಕ್ಕೆ ತುರುಕಿ ಬಾಯಿ ಹೊಲಿದಳು. ಹೇಸರಗತ್ತೆ ಗಂಟೆ ಆಡಿಸುತ್ತ ಇಳಿದು ಹೋದಾಗ ಅವಳಿಗೆ ಹಾಲು ಕುಡಿದಷ್ಟು ಸಮಾಧಾನವಾಯಿತು. ಆ ಸಮಾಧಾನ ಊಟದ ತನಕವೂ ಉಳಿಯಲಿಲ್ಲ, ಆ ಮಾತು ಬೇರೆ.

ಮರುದಿನ ನಸುಕಿನಲ್ಲೇ ಏರು ಶುರುವಾಯಿತು. ಸಾಲಿನಲ್ಲಿ ಯಾರ ಹಿಂದೆ ಯಾರು ಎಂಬುದನ್ನು ಗೈಡ್ ತಾನೇ ನಿಲ್ಲಿಸಿದ. ಗಟ್ಟಿಗರು ಕೊನೆಗೆ ಇರಬೇಕು ಎಂದು ಫೇಬಿಯನ್ನು ಬಾಲಕ್ಕೆ ಹಾಕಿದ. ಗೀತಾಂಜಲಿ ಭುವನೇಶ್ವರಿಯ ಹಿಂದೆ. ಹಿಮ ಜಾರುವಲ್ಲಿ ಭುವನೇಶ್ವರಿ ತನ್ನ ಕೋಲನ್ನು ಹಿಂದಕ್ಕೆ ಚಾಚುವಳು, ಗೀತಾಂಜಲಿ ಹಿಡಿದುಕೊಳ್ಳುವಳು. ಬೂಟು ಕಟ್ಟಲು ಬಾರದವಳು ನೃಪತುಂಗ ಬೆಟ್ಟದ ಹುಡುಗಿಯನ್ನು ಹಿಮಾಲಯ ಹತ್ತಿಸುತ್ತಿದ್ದಾಳೆ. ಕೈ ಕೈ ಹಿಡಿದು ದಾಟೋಣ ಎಂದ ಮಾತು ಗೀತಾಂಜಲಿಗೆ ನೆನಪಿದೆಯೋ ಇಲ್ಲವೋ. ಫೇಬಿಗೆ ಉಸಿರು ಕಟ್ಟುತ್ತಿತ್ತು. ಎತ್ತರದ ಗಾಳಿಯಿಂದ ಎಂದು ಅವಳು ಅಂದುಕೊಂಡಳು.

ನೆತ್ತಿ ತಲುಪಿದಾಗ ಬಿಸಿಲು ಬಂದಿತ್ತು. ಎರಡು ಶಿಖರಗಳ ನಡುವೆ ಒಂದು ಅಂಗಳದಷ್ಟು ಜಾಗ, ನಡುವೆ ಕಲ್ಲಿನ ಗುಡ್ಡೆ, ಅದಕ್ಕೆ ಸುತ್ತಿದ ಬಟ್ಟೆಯ ಚೂರುಗಳು. ರಮಾಕಾಂತರು ಹಿಮದ ಮೇಲೆ ಕುಳಿತು ಅಳುತ್ತಿದ್ದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಭುವನೇಶ್ವರಿ ಚೀಲ ಇಳಿಸಿ, ರೊಟ್ಟಿ ತೆಗೆದು ಪಕ್ಕಕ್ಕಿಟ್ಟು, ಕೈ ಆಡಿಸಿದಳು. ಮತ್ತೆ ಆಡಿಸಿದಳು. ಆಮೇಲೆ ಇಡೀ ಚೀಲವನ್ನು ಹಿಮದ ಮೇಲೆ ಸುರುವಿದಳು.

"ಇಲ್ಲೇ ಇಟ್ಟಿದ್ನಲ್ಲ. ರೊಟ್ಟಿ ಕೆಳಗ."

"ಏನ್ ಕಳಕೊಂಡ್ರಿ?" ರಮಾಕಾಂತರು ಮೂಗು ಒರೆಸಿಕೊಳ್ಳುತ್ತ ಕೇಳಿದರು.

"ಉಡಿ ಗಂಟ್ರಿ ಕಾಕಾ."

"ದೇವಿಗೇನು?"

"ದೇವಿಗಲ್ರಿ. ಗೀತಕ್ಕಗ."

"ಗೀತಾಗ ಉಡಿ ಯಾಕ?" ಎಂದು ಫೇಬಿ ಕೇಳಿಬಿಟ್ಟಳು.

ಭುವನೇಶ್ವರಿ ಅವಳ ಮುಖ ನೋಡಿದಳು. ವ್ಯಂಗ್ಯವಿರಲಿಲ್ಲ, ಬರೀ ಆಶ್ಚರ್ಯ. "ಟೀಚರ್, ಅಕ್ಕನ ಮನಿಯವರು ಹೋದ ಮ್ಯಾಲ ಅಕಿಗೆ ಯಾರೂ ಉಡಿ ತುಂಬಿಲ್ರಿ. ತವರಮನ್ಯಾಗೂ ತುಂಬಿಲ್ಲ. ಗಂಡ ಇಲ್ಲಂದ್ರ ತುಂಬೂದಿಲ್ಲ ನೋಡ್ರಿ ನಮ್ಮಲ್ಲಿ. ಊರಾಗ ಮಾಡಿದ್ರ ಮಂದಿ ಬಾಯಿ ಬಿಡ್ತಾರ. ಗುಡ್ಡದ ಮ್ಯಾಲ ಯಾರ ಅದಾರ ಕೇಳವರು, ಅಲ್ಲಿ ನಾ ತುಂಬ್ತೇನಿ ಅಂದೆ. ಮೊದಲ ಒಲ್ಲೆ ಅಂದ್ಲು. ಹಳ್ಳದ ದಂಡಿ ಮ್ಯಾಲ ಹೂಂ ಅಂದ್ಲು."

ಗೀತಾಂಜಲಿ ಮಂಕಿ ಟೋಪಿಯೊಳಗೆ ತಲೆ ತಗ್ಗಿಸಿ ನಿಂತಿದ್ದಳು.

ಫೇಬಿಗೆ ಪಡಸಾಲೆಯ ಎರಡು ಕುರ್ಚಿಗಳು ಕಣ್ಣಿಗೆ ಕಟ್ಟಿದವು. ಅವಳು ಜೊತೆಗೆಂದು ಬಂದು ಕೂರುತ್ತಿರಲಿಲ್ಲ, ಒಳಗೆ ಜಾಗವಿಲ್ಲದೆ ಎದ್ದು ಬರುತ್ತಿದ್ದಳು. ಆರು ವರ್ಷ ಪಕ್ಕದಲ್ಲಿ ಕೂತು ಫಳಾರ ತಿಂದ ತನಗೆ ಅದು ತಿಳಿಯಲಿಲ್ಲ. ಹೋದ ವರ್ಷ ಬಂದ ಈ ಬಾಯಿಬಡುಕಿಗೆ ತಿಳಿಯಿತು. ನಾಚಿಕೆಯಿಂದ ಫೇಬಿಯ ಮೈ ಬಿಸಿಯಾಯಿತು. ಆ ನಾಚಿಕೆಯ ಪಕ್ಕದಲ್ಲೇ ಹೊಟ್ಟೆಕಿಚ್ಚು ಇನ್ನೂ ಜೋರಾಗಿ ಎದ್ದು ಕೂತಿತು. ನನಗ್ಯಾಕೆ ಹೊಳೆಯಲಿಲ್ಲ, ಇವಳಿಗೇ ಯಾಕೆ ಹೊಳೆಯಬೇಕಿತ್ತು?

"ಇರ್ಲಿ ಬಿಡ ಭುವನಾ," ಎಂದಳು ಗೀತಾಂಜಲಿ ಸಣ್ಣ ದನಿಯಲ್ಲಿ. "ನನ್ನ ನಸೀಬದಾಗ ಇಲ್ಲ ಅದು."

ಆ ಮಾತು ಕೇಳಿ ಫೇಬಿಗೆ ನಿಲ್ಲಲಾಗಲಿಲ್ಲ. ಚೀಲ ಇಳಿಸಿ ಬಾಯಿ ಬಿಚ್ಚಿದಳು. ದಾರಿಗೆಂದು ತಂದಿದ್ದ ಉತ್ತತ್ತಿ ತೆಗೆದಳು. ಬುತ್ತಿಯ ಡಬ್ಬಿಯಿಂದ ಒಣ ಅವಲಕ್ಕಿ ತೆಗೆದಳು. ಬೆಲ್ಲದ ಚೂರು, ಕ್ಯಾಂಪಿನಲ್ಲಿ ಕೊಟ್ಟ ಸೇಬು ತೆಗೆದಳು. ಕೈ ತಳಕ್ಕೆ ಹೋಗಿ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಗೀತಾಂಜಲಿಗೆಂದು ಹೆಣೆದ ಕೆಂಪು ಮಫ್ಲರ್ ಹೊರಗೆ ಬಂತು.

"ಇದು ಹೊಸಾದು. ಯಾರೂ ಹಾಕ್ಕೊಂಡಿಲ್ಲ. ಖಣಾ ಅಲ್ಲ, ಆದ್ರ..."

"ಛಲೋ ಆತಲ್ರಿ," ಎಂದಳು ಭುವನೇಶ್ವರಿ, ಮುಖವೆಲ್ಲ ಅರಳಿಸಿ. "ಸೆರಗೂ ಅದ, ಖಣಾನೂ ಅದ. ಟೀಚರ್, ನೀವ ತುಂಬ್ರಿ."

"ನಾನು? ನಮ್ಮಲ್ಲಿ ಇದು ಇಲ್ರಿ. ಮತ್ತ ನಾ ಮದುವಿ ಆದಾಕಿ ಅಲ್ಲ, ಏನಲ್ಲ."

"ಇಲ್ಲಿ ಯಾರ ಕೇಳ್ತಾರ?"

ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತಾಳೆ ಎಂದು ಫೇಬಿಗೆ ಅದಕ್ಕೂ ಸಿಟ್ಟು ಬಂತು. ಅವಲಕ್ಕಿಯ ಡಬ್ಬಿಯನ್ನು ಅವಳ ಮುಂದೆ ಹಿಡಿದು, "ನೀವ ತುಂಬ್ರಿ, ನನಗ ಬರೂದಿಲ್ಲ," ಎಂದಳು. ಕದ್ದ ಕೈಯಿಂದ ತುಂಬುವುದು ಹೇಗೆ?

ಗೀತಾಂಜಲಿ ಮಂಕಿ ಟೋಪಿ ತೆಗೆದಳು. ಕಲ್ಲುಗುಡ್ಡೆಯ ಕಡೆ ಮುಖ ಮಾಡಿ ಮಫ್ಲರನ್ನು ಎರಡೂ ಕೈಯಲ್ಲಿ ಸೆರಗಿನ ಹಾಗೆ ಹಿಡಿದು ನಿಂತಳು. ಭುವನೇಶ್ವರಿ ಹಿಮದಲ್ಲೇ ಕೈ ತೊಳೆದುಕೊಂಡು ಬೊಗಸೆ ಬೊಗಸೆ ಅವಲಕ್ಕಿ ಹಾಕಿದಳು. ಉತ್ತತ್ತಿ, ಬೆಲ್ಲ, ಮೇಲೆ ಸೇಬು. ಗಾಳಿಗೆ ನಾಲ್ಕು ಅವಲಕ್ಕಿ ಹಾರಿ ಹಿಮದ ಮೇಲೆ ಬಿದ್ದವು. ರಮಾಕಾಂತರು ಟೋಪಿ ತೆಗೆದು ಎದ್ದು ನಿಂತರು. ಫೇಬಿ ಖಾಲಿ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿದ್ದಳು. ಗೀತಾಂಜಲಿಯ ಗಲ್ಲದ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಉಡಿ ತುಂಬಿಸಿಕೊಂಡವಳು ಒಂದು ಹಿಡಿ ತುಂಬಿದವರಿಗೇ ತಿರುಗಿ ಹಾಕಬೇಕು, ಕೊಟ್ಟ ಮನೆ ಬರಿದಾಗಬಾರದು ಎಂದು. ಅದು ಆ ಕಡೆಯ ಪದ್ಧತಿ. ಭುವನೇಶ್ವರಿ ಬೊಗಸೆ ಒಡ್ಡಿ ಕಾದಳು. ಅಷ್ಟಕ್ಕೂ ತುಂಬಿದವಳು ಅವಳೇ, ಅವಳಿಗೇ ಸಲ್ಲಬೇಕು. ಫೇಬಿ ಮುಖ ಆ ಕಡೆ ತಿರುಗಿಸಿದಳು. ನೋಡುವುದು ಬೇಡವಾಗಿತ್ತು.

ಡಬ್ಬಿಯಲ್ಲಿ ಸಪ್ಪಳವಾಯಿತು. ಗೀತಾಂಜಲಿ ಒಂದು ಹಿಡಿ ಅವಲಕ್ಕಿಯನ್ನು ಫೇಬಿಯ ಡಬ್ಬಿಗೆ ಹಾಕಿದ್ದಳು.

"ಇದು ಈ ಮನೀದು," ಎಂದಳು.

ಭುವನೇಶ್ವರಿ ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಖರೇನ ಅದ," ಎಂದು ನಕ್ಕಳು.

ಇಳಿಯುವಾಗ ಸಾಲು ಒಡೆದಿತ್ತು. ಕೆಂಪು ಮಫ್ಲರಿನ ಗಂಟು ಹೊತ್ತು ಗೀತಾಂಜಲಿ ತಾನಾಗಿಯೇ ಹಿಂದುಳಿದು ಫೇಬಿಯ ಕೈ ಹಿಡಿದಳು. ಹಿಡಿದ ಕೈ ಫೇಬಿಗೆ ಕೆಂಡದಂತೆ ಸುಡುತ್ತಿತ್ತು.

"ಗೀತಾ, ಆ ಗಂಟು ನಾನ ಕೆಳಗ ಕಳಿಸಿದ್ದೆ."

"ಗೊತ್ತೈತಿ."

ಫೇಬಿ ನಿಂತುಬಿಟ್ಟಳು.

"ನೀರ ತಗೊಂಡು ಬರೂವಾಗ ನೋಡಿದ್ದೆ. ಹಿಂದ ಮುಂದ ನೋಡಕೋತ ಚೀಲದಾಗ ತುರಕಾಕತ್ತಿದ್ದಿ. ಸಾಲಿ ಹುಡುಗೂರು ನಿನ್ನಕಿಂತ ಛಲೋ ಕಳವು ಮಾಡತಾವ."

"ಮತ್ತ ಸುಮ್ನ ಯಾಕ ಇದ್ದಿ?"

"ಅಂಜಿಕಿ." ಗೀತಾಂಜಲಿ ಕಾಲ ಕೆಳಗಿನ ಹಿಮ ನೋಡುತ್ತ ಹೇಳಿದಳು. "ಹೂಂ ಅಂದಿದ್ದೆ ಖರೇ. ಆದ್ರ ತುಂಬಿಸಿಕೊಂಡ್ರ ಏನರೆ ಆದೀತೋ ಏನೋ ಅಂತ ಒಳಗ ನಡುಕ. ಗಂಟು ಹೋದದ್ದ ಛಲೋ ಆತು ಅನಸ್ತು." ನಾಲ್ಕು ಹೆಜ್ಜೆ ಹೋಗಿ ಮತ್ತೆ ಹೇಳಿದಳು, "ಇನ್ನೊಂದು ಹೇಳ್ಲೇನು? ನನ್ನ ಸಲುವಾಗಿ ಯಾರರೆ ಇಷ್ಟು ಹೊಟ್ಟಿ ಉರಕೊಂಡು ಭಾಳ ವರ್ಷ ಆಗಿತ್ತು. ನನಗ ನೋಡಾಕ ಖುಷಿ ಆಗತಿತ್ತು. ರೊಟ್ಟಿ ಬ್ಯಾಡ ಅನ್ನೂವಾಗ ನಿನ್ನ ಮಾರಿ ನೋಡಬೇಕಿತ್ತು."

ಫೇಬಿಗೆ ನಗು ಬಂತು, ಅಳುವೂ ಬಂತು. ಅಳುವೇ ಮೊದಲು ಹೊರಗೆ ಬಿತ್ತು.

ಬೇಸ್ ಕ್ಯಾಂಪಿನಲ್ಲಿ ಗೋಣಿಚೀಲ ಕಾಯುತ್ತಿತ್ತು. ರಮಾಕಾಂತರು ಹೊಲಿಗೆ ಬಿಚ್ಚಿ ತಮ್ಮ ಪುಸ್ತಕ ತೆಗೆದರು. ಅದರ ಹಿಂದೆಯೇ ಹಸಿರು ಖಣದ ಗಂಟು ಉರುಳಿತು.

"ಅಯ್ಯ, ಇಲ್ಲೇ ಐತಲ್ಲ," ಎಂದಳು ಭುವನೇಶ್ವರಿ. "ಇದರಾಗ ಯಾರ ಹಾಕಿದ್ರು?"

ಫೇಬಿ ಬಾಯಿ ತೆರೆದಳು. ಅಷ್ಟರಲ್ಲಿ ಗೀತಾಂಜಲಿ, "ನಾನ ಹಾಕಿದ್ದೆ. ನಿನಗ ಭಾರ ಆಕ್ಕತಿ ಅಂತ," ಎಂದಳು, ಕಣ್ಣು ಕೂಡ ಮಿಟುಕಿಸದೆ.

"ಒಂದ್ ಮಾತು ಹೇಳಬೇಕಿಲ್ಲೋ ಅಕ್ಕಾ. ಗುಡ್ಡದ ಮ್ಯಾಲ ನನ್ನ ಜೀವಾ ಅರ್ಧಾ ಆಗಿತ್ತು."

ಫೇಬಿ ಗೀತಾಂಜಲಿಯನ್ನು ನೋಡಿದಳು, ಗೀತಾಂಜಲಿ ಫೇಬಿಯನ್ನು ನೋಡಿದಳು. ಇಬ್ಬರ ತುಟಿಯ ಮೂಲೆಯೂ ಒಟ್ಟಿಗೆ ಅಲುಗಿತು. ಬಸ್ಸಿನ ಸೀಟಿನಲ್ಲಿ ಎಷ್ಟೋ ಸಲ ಹಾಗೆ ನಕ್ಕಿದ್ದರು. ಫೇಬಿಗೆ ಒಳಗೆ ದೀಪ ಹಚ್ಚಿದಂತಾಯಿತು. ತಾನು ಮಾಡಿದ ತಪ್ಪಿಗೆ ಇಂಥ ಸಂತೋಷ ಸಲ್ಲದು ಎಂದು ಗೊತ್ತಿದ್ದೂ ಆಯಿತು.

ಭುವನೇಶ್ವರಿ ಅದನ್ನು ಕಂಡಳು. "ಏನ್ ನಡದೈತಿ ನಿಮ್ಮಿಬ್ರದು?" ಎಂದು ಕೇಳಿದಳು, ಹಗುರಾಗಿ.

"ಏನಿಲ್ಲ ಬಿಡ್ರಿ," ಎಂದಳು ಫೇಬಿ.

ಭುವನೇಶ್ವರಿಯ ಬಾಯಲ್ಲಿ ನಗು ಹಾಗೇ ಇತ್ತು, ಕಣ್ಣು ಮಾತ್ರ ಒಬ್ಬರಿಂದ ಒಬ್ಬರಿಗೆ ಹೋಗಿ ಬಂತು. ಅವಳ ಕೈ ಹಸಿರು ಗಂಟನ್ನು ಸುಮ್ಮನೆ ತಿರುವುತ್ತಿತ್ತು. ಆ ನೋಟವನ್ನು ಫೇಬಿ ಬೇರೆ ಯಾರ ಮುಖದಲ್ಲೂ ನೋಡಿರಲಿಲ್ಲ, ಆದರೆ ತಕ್ಷಣ ಗುರುತಿಸಿದಳು. ಹುಬ್ಬಳ್ಳಿ ಬಿಟ್ಟಾಗಿನಿಂದ ಅದನ್ನೇ ಹೊತ್ತುಕೊಂಡು ಗುಡ್ಡ ಹತ್ತಿದ್ದಳು.

ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು. "ಬರ್ರಿ, ಕೂಡ್ರಿ. ಒಂದ್ ರೊಟ್ಟಿ ಕೊಡ್ರಿ, ಹಸಿವಾಗೇತಿ," ಎಂದಳು. ಗಂಟಿನ ಮಾತು ಮಾತ್ರ ಹೇಳಲಿಲ್ಲ.